ಒಂಟಿ ಸಲಗದ ಎದುರು ಹನ್ನೆರಡು ಕಾಯಿ: ಮನೆಯಲ್ಲೇ ಕಟ್ಟಿ ಆಡುವ ಸೈ-ಫೈ ಯುದ್ಧದಾಟ

ಚದುರಂಗದಲ್ಲಿ ಹದಿನಾರಕ್ಕೆ ಹದಿನಾರು ಕಾಯಿ, ಕೇರಂನಲ್ಲಿ ಒಂಬತ್ತಕ್ಕೆ ಒಂಬತ್ತು. ಆಡು-ಹುಲಿ ಆಟಕ್ಕೆ ಆ ಹಂಗಿಲ್ಲ. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಕೊರೆದ ಗೆರೆಗಳಲ್ಲಿ ಮೂರು ಹುಲಿ, ಹದಿನೈದು ಆಡು. ಊರಿಂದೂರಿಗೆ ಲೆಕ್ಕ ಒಂದಿಷ್ಟು ಬದಲಾಗುತ್ತದೆ. ಹುಲಿಗೆ ಆಡನ್ನು ಹಾರಿ ತಿನ್ನುವ ಕೆಲಸ, ಆಡುಗಳಿಗೆ ಹುಲಿಯನ್ನು ಕಟ್ಟಿಹಾಕುವ ಕೆಲಸ. ಸಂಖ್ಯೆ ಬೇರೆ, ಬಲ ಬೇರೆ, ಗೆಲ್ಲುವ ದಾರಿಯೂ ಬೇರೆ. ಇಲ್ಲಿ ಹೇಳಹೊರಟ ಆಟದ ತಳಪಾಯವೂ ಅದೇ. ಹುಲಿಯ ಜಾಗದಲ್ಲಿ ಒಂದು ದೈತ್ಯ ಯಂತ್ರ, ಆಡುಗಳ ಜಾಗದಲ್ಲಿ ಪುಟಾಣಿ ಪಡೆ, ಗೆರೆಗಳ ಜಾಗದಲ್ಲಿ ಚಿತ್ರದುರ್ಗದ ಬಂಡೆಗಳು.

ಹೊರಗಿನವರೂ ಇಂಥ ಆಟ ಮಾಡಿದ್ದಾರೆ. 1977ರಲ್ಲಿ ಅಮೆರಿಕದ ಸ್ಟೀವ್ ಜಾಕ್ಸನ್ ರೂಪಿಸಿದ 'ಓಗರ್'ನಲ್ಲಿ ತಾನೇ ಯೋಚಿಸುವ ಒಂದೇ ಒಂದು ಮಹಾ ಟ್ಯಾಂಕು, ಎದುರಿಗೆ ಇಡೀ ಒಂದು ಪಡೆ. 1989ರ 'ಸ್ಪೇಸ್ ಹಲ್ಕ್'ನಲ್ಲಿ ಕವಚ ತೊಟ್ಟ ಬೆರಳೆಣಿಕೆಯ ಸೈನಿಕರು ಇಕ್ಕಟ್ಟಾದ ಓಣಿಗಳಲ್ಲಿ ಮುಗಿಯದಷ್ಟು ಅನ್ಯಜೀವಿಗಳನ್ನು ಎದುರಿಸುತ್ತಾರೆ, ಅದೂ ಗಡಿಯಾರದ ಒತ್ತಡದಲ್ಲಿ. ಡಬ್ಬಿ ತರಿಸಿಕೊಂಡು ಆಡಬಹುದು, ತಪ್ಪಿಲ್ಲ. ಆದರೆ ಆಮದು ಗೊಂಬೆಗಳ ಬೆಲೆ ನೋಡಿದರೆ ಮೊದಲ ಆಟಕ್ಕೇ ಅಷ್ಟು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಮನೆಯ ಗುಜರಿಯಲ್ಲಿ ಕಟ್ಟಿ ಆಡಿ. ರುಚಿ ಹತ್ತಿದರೆ ಆಮೇಲೆ ಯೋಚಿಸಿ.

ಕಥೆ ಎಲ್ಲಿ ನಡೆಯುತ್ತದೆ

ಸೈ-ಫೈ ಅಂದಕೂಡಲೇ ಮಂಗಳ ಗ್ರಹಕ್ಕೆ ಹೋಗಬೇಕಿಲ್ಲ. ಚಳ್ಳಕೆರೆ ಕಡೆಯ ಕಾವಲು ಭೂಮಿಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಇಸ್ರೊದ ಮರುಬಳಕೆಯ ರೆಕ್ಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ಬಂದು ಇಳಿದದ್ದು ಅಲ್ಲೇ: 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆ. ಇನ್ನೊಂದು ನೂರು ವರ್ಷ ಮುಂದೆ ಹೋಗಿ. ಅದೇ ಕಾವಲಿನಲ್ಲಿ ಕಟ್ಟಿದ ಒಂದು ಯಂತ್ರ ಯಾರ ಮಾತನ್ನೂ ಕೇಳದೆ ದುರ್ಗದತ್ತ ಹೊರಟಿದೆ ಎಂದಿಟ್ಟುಕೊಳ್ಳಿ. ಗುಡ್ಡದ ಮೇಲಿನ ಗೋಪುರದಿಂದ ಅದನ್ನು ಆರಿಸಬಹುದು, ಅದಕ್ಕೇ ಅದು ಗೋಪುರವನ್ನು ಮುರಿಯಲು ಬರುತ್ತಿದೆ. ಕಥೆ ಇಷ್ಟು ಸಾಕು. ಯಂತ್ರವನ್ನು 'ಸಲಗ' ಎನ್ನೋಣ, ಎದುರು ಪಡೆಯನ್ನು 'ಪಾಳೆಯ'.

ಲೆಕ್ಕ ಮೊದಲು, ಅಂಟು ಆಮೇಲೆ

ಇಂಥ ಆಟ ಕಟ್ಟುವವರು ಎಡವುವುದು ಒಂದೇ ಕಡೆ. ಹನ್ನೆರಡು ಜನರ ಬಲಕ್ಕೆ ಸರಿಹೊಂದಲು ಸಲಗಕ್ಕೆ ಹನ್ನೆರಡು ಪಟ್ಟು ಬಲ ಕೊಡುತ್ತಾರೆ. ಆಮೇಲೆ ನೋಡಿದರೆ ಆಟ ಮೂರೇ ಸುತ್ತಿಗೆ ಮುಗಿದಿರುತ್ತದೆ.

ಕಾರಣವನ್ನು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲೇ ಗಣಿತದಲ್ಲಿ ತೋರಿಸಿದ್ದ. ಎಲ್ಲರೂ ಎಲ್ಲರಿಗೂ ಗುಂಡು ಹಾರಿಸಬಲ್ಲ ಬಯಲಿನಲ್ಲಿ ಪಡೆಯ ಬಲ ಅದರ ಸಂಖ್ಯೆಯಂತೆ ಬೆಳೆಯುವುದಿಲ್ಲ, ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. ಕಾಗದದ ಮೇಲೆ ಹೀಗೆ ನೋಡಿ. ಪಾಳೆಯದಲ್ಲಿ 12 ಕಾಯಿ, ಒಂದೊಂದಕ್ಕೂ ಸುತ್ತಿಗೆ ಒಂದು ದಾಳ. ಸಲಗ ಸುತ್ತಿಗೆ ಸರಾಸರಿ ಎರಡು ಕಾಯಿ ಹೊಡೆಯುತ್ತದೆ. ಪಾಳೆಯ ಮೊದಲು ಹೊಡೆದರೆ 12, 10, 8, 6, 4, 2, ಒಟ್ಟು 42 ದಾಳ. 5 ಅಥವಾ 6 ಬಿದ್ದರೆ ಏಟು ಎಂದಿಟ್ಟರೆ ಮೂರಕ್ಕೊಂದು ಬೀಳುತ್ತದೆ, 14 ಏಟು. ಈಗ ಕಾಯಿಗಳನ್ನು 24 ಮಾಡಿ. 24, 22, 20 ಎಂದು ಇಳಿಯುತ್ತಾ ಒಟ್ಟು 156 ದಾಳ, 52 ಏಟು. ಪಡೆ ಇಮ್ಮಡಿಯಾಯಿತು, ಏಟು ನಾಲ್ಕು ಪಟ್ಟಿನ ಹತ್ತಿರ ಹೋಯಿತು.

ಇನ್ನು ಅದೇ 12 ಕಾಯಿ, ಆದರೆ ಸಲಗ ಎರಡು ಬಂಡೆಗಳ ನಡುವೆ ನಿಂತಿದೆ, ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಕಾಯಿಗೆ ಅದು ಕಾಣುವುದಿಲ್ಲ. ಆಗ 3, 3, 3, 3, 3, 2. ಬರೀ 17 ದಾಳ, ಆರರ ಆಸುಪಾಸು ಏಟು. ಹಿಂದಿದ್ದವರು ತಮ್ಮ ಸರದಿಗೆ ಕಾಯುತ್ತಾ ಒಬ್ಬೊಬ್ಬರೇ ಮುಂದೆ ಬಂದು ಸಾಯುತ್ತಾರೆ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿದ ಯಾರಿಗಾದರೂ ಗೊತ್ತು. ಹೈದರಾಲಿಯ ಸೈನಿಕರು ಎಷ್ಟೇ ಇರಲಿ, ಕಿಂಡಿಯೊಳಗೆ ತಲೆ ತೂರಿಸಬಲ್ಲವನು ಒಬ್ಬನೇ. ಒನಕೆ ಹಿಡಿದವಳಿಗೆ ಲೆಕ್ಕಕ್ಕೆ ಬರುವುದು ಅವನೊಬ್ಬ.

ಹಾಗಾಗಿ ಆಟದ ತೂಕ ಮೂರು ಕಡೆ ಇರಬೇಕು: ಸಂಖ್ಯೆ ಪಾಳೆಯದ ಕೈಯಲ್ಲಿ, ಕಿಂಡಿ ಸಲಗದ ಕೈಯಲ್ಲಿ, ಗುರಿ ಮಾತ್ರ ಸಲಗವನ್ನು ಕಿಂಡಿಯಿಂದ ಹೊರಗೆಳೆಯುವಂಥದ್ದು. ಮೂರನೆಯದನ್ನು ಮರೆತರೆ ಸಲಗ ಬಂಡೆಸಂದಿಯಲ್ಲಿ ಕೂತು ಒಬ್ಬೊಬ್ಬರನ್ನೇ ಹೊಡೆಯುತ್ತದೆ, ಆಡುವವರಿಗೆ ಆಕಳಿಕೆ ಬರುತ್ತದೆ.

ಸಲಗ ಕಟ್ಟುವುದು

ಅಳತೆ ಮುನ್ನೂರಕ್ಕೊಂದು ಇಟ್ಟುಕೊಳ್ಳಿ. ಆಗ ಮನುಷ್ಯ ಆರು ಮಿಲಿಮೀಟರ್ ಎತ್ತರ, ಹತ್ತು ಸೆಂಟಿಮೀಟರ್ ಉದ್ದದ ಸೋಪಿನ ಡಬ್ಬಿ ಮೂವತ್ತು ಮೀಟರಿನ ಯಂತ್ರ. ಈ ಅಳತೆಯಲ್ಲಿ ಕಣ್ಣು ಮೂಗು ಬಿಡಿಸುವ ತಾಪತ್ರಯವಿಲ್ಲ.

ಸೋಪಿನ ಡಬ್ಬಿಯನ್ನು ಬೋರಲು ಹಾಕಿ. ಎರಡೂ ಪಕ್ಕಕ್ಕೆ ಸವೆದ ಸೈಕಲ್ ಚೈನಿನ ತುಂಡು. ಸೈಕಲ್ ಶಾಪಿನವರು ಹಳೆಯದನ್ನು ಸುಮ್ಮನೆ ಕೊಟ್ಟಾರು; ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್‌ನಲ್ಲಿ ನೆನೆಸಿ ಗ್ರೀಸು ತೆಗೆದು, ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಚೈನಿಗೆ ಎಂ-ಸೀಲ್ ಬೇಕು. ಎರಡು ಉಂಡೆಯನ್ನು ಒಂದೇ ಬಣ್ಣ ಬರುವವರೆಗೆ ನಾದಿ ಒತ್ತಿ, ರಾತ್ರಿಯಿಡೀ ಬಿಡಿ. ದೊಡ್ಡ ತೋಪಿಗೆ ಖಾಲಿ ಪೆನ್ನಿನ ಕೊಳವೆ, ಪಕ್ಕದ ನಾಲ್ಕು ಬಂದೂಕಿಗೆ ರೀಫಿಲ್ ತುಂಡು. ಬಾಟಲಿ ಮುಚ್ಚಳವೊಂದನ್ನು ಮೇಲೆ ಕೂರಿಸಿದರೆ ತೋಪಿನ ಗೂಡು. ಕೆಟ್ಟ ರಿಮೋಟಿನ ಬಟನ್ನು, ಸರ್ಕ್ಯೂಟ್ ಬೋರ್ಡಿನ ಚೂರು ಎಲ್ಲ ಬೆನ್ನ ಮೇಲೆ ಹಚ್ಚಿ. ಇಲ್ಲಿ ಅತಿ ಮಾಡಿದರೂ ನಡೆಯುತ್ತದೆ, ಸಲಗ ಕುರೂಪಿಯಾದಷ್ಟೂ ಚೆಂದ.

ಬಣ್ಣಕ್ಕೆ ಮೊದಲು ಕಪ್ಪು ಸ್ಪ್ರೇ, ಮಾಳಿಗೆಯ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಸ್ಪ್ರೇ ಡಬ್ಬಿಯನ್ನು ಥರ್ಮೋಕೋಲ್ ಕಡೆ ಮಾತ್ರ ತಿರುಗಿಸಬೇಡಿ. ಅದರಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸಿ ಗುಳಿ ಮಾಡುತ್ತದೆ. ಥರ್ಮೋಕೋಲಿಗೆ ಫೆವಿಕಾಲ್, ನೀರಿನ ಬಣ್ಣ ಅಥವಾ ಅಕ್ರಿಲಿಕ್ ಅಷ್ಟೇ. ಸಲಗದ ಕಪ್ಪು ಒಣಗಿದ ಮೇಲೆ ಬೂದು ಅಕ್ರಿಲಿಕ್ಕನ್ನು ಬ್ರಷ್ಷಿಗೆ ಹಚ್ಚಿ, ಹಳೆ ಬಟ್ಟೆಯ ಮೇಲೆ ಬಹುಪಾಲು ಒರೆಸಿ, ಉಳಿದ ಒಣ ಬಣ್ಣವನ್ನು ಮೇಲಿಂದ ಸವರಿ. ಉಬ್ಬುಗಳ ಮೇಲಷ್ಟೇ ಬಣ್ಣ ಕೂತು ಕಬ್ಬಿಣದ ಕಳೆ ಬರುತ್ತದೆ. ಕೊನೆಗೆ ಕೆಮ್ಮಣ್ಣಿನ ಬಣ್ಣವನ್ನು ನೀರಾಗಿ ಕಲಸಿ ಚೈನಿನ ಸಂದಿಗೆ ಬಿಟ್ಟರೆ ತುಕ್ಕು ಸಿದ್ಧ.

ಪಾಳೆಯ

ಇದು ಒಂದು ಸಂಜೆಯ ಕೆಲಸ. ಹಾರ್ಡ್‌ವೇರ್ ಅಂಗಡಿಯಿಂದ ಒಂದಿಂಚಿನ ಕಬ್ಬಿಣದ ವಾಷರ್ ಹನ್ನೆರಡು ತನ್ನಿ. ಭಾರದ ತಳ ಬೇಕೇಬೇಕು, ಯಾಕೆಂದರೆ ದಾವಣಗೆರೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಆಡುವ ಮಾತೇ ಇಲ್ಲ. ಆರು ವಾಷರಿನ ಮೇಲೆ ಬೆಂಕಿಕಡ್ಡಿಯನ್ನು ಆರು ಮಿಲಿಮೀಟರಿಗೆ ಕತ್ತರಿಸಿ ನಾಲ್ಕು ನಾಲ್ಕು ನಿಲ್ಲಿಸಿ: ಕಾಲಾಳು. ನಾಲ್ಕರ ಮೇಲೆ ಐಸ್‌ಕ್ರೀಂ ಕಡ್ಡಿಯ ದುಂಡು ತುದಿ, ಅದರ ಕೆಳಗೆ ಚಿಕ್ಕ ಮಣಿ: ನೆಲ ಮುಟ್ಟದೆ ಓಡುವ ತೇಲುಬಂಡಿ. ಉಳಿದೆರಡರ ಮೇಲೆ ರೀಫಿಲ್ ತುಂಡು ಓರೆಯಾಗಿ: ತೋಪು.

ನೆಲ

8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆಯನ್ನು ಅಂಗಡಿಯಲ್ಲೇ ಎರಡು ಮಾಡಿಸಿದರೆ 4 ಅಡಿ ಚೌಕ ಸಿಗುತ್ತದೆ. ಅದೂ ಬೇಡವೆಂದರೆ ನೆಲದ ಮೇಲೆ ಚಾಪೆ ಹಾಸಿ ನಾಲ್ಕು ಮೂಲೆ ಗುರುತು ಮಾಡಿ. ಕಂದು ಬೆಡ್‌ಶೀಟು ಹೊದಿಸಿ, ಅಡಿಯಲ್ಲಿ ಪುಸ್ತಕಗಳನ್ನಿಟ್ಟರೆ ದಿಬ್ಬ.

ಬಂಡೆಗೆ ಥರ್ಮೋಕೋಲ್ ಕೆತ್ತುವವರಿದ್ದಾರೆ. ನಮ್ಮ ಕಡೆ ಆ ಕಷ್ಟ ಯಾಕೆ? ಮನೆ ಕಟ್ಟುವ ಕಡೆ ಬಿದ್ದ ಜಲ್ಲಿಕಲ್ಲನ್ನು ಕೇಳಿ ತಂದು ತೊಳೆದರೆ ಅಸಲಿ ಕಲ್ಲುಬಂಡೆ. ಎರಡು ಮೂರು ಕಲ್ಲನ್ನು ಒಂದರ ಮೇಲೊಂದು ಎಂ-ಸೀಲ್‌ನಿಂದ ಕೂರಿಸಿದರೆ ಜೋಗಿಮಟ್ಟಿಯ ದಾರಿಯ ನೋಟವೇ. ಅಂಥ ಗುಡ್ಡೆ ಎಂಟೊಂಬತ್ತು ಬೇಕು. ಗಾಳಿಯಂತ್ರಗಳಿಲ್ಲದೆ ಚಿತ್ರದುರ್ಗ ಪೂರ್ತಿಯಾಗದು, ಆದ್ದರಿಂದ ಅಗರಬತ್ತಿ ಕಡ್ಡಿಗೆ ಮೂರು ಕಾಗದದ ರೆಕ್ಕೆ ಅಂಟಿಸಿ ನಾಲ್ಕಾರು ನಿಲ್ಲಿಸಿ. ಆಟಕ್ಕೆ ಅದರಿಂದ ಉಪಯೋಗವೇನೂ ಇಲ್ಲ.

ಗುಡ್ಡೆಗಳನ್ನು ಇಡುವ ರೀತಿಯಲ್ಲಿ ಅರ್ಧ ಆಟವಿದೆ. ಸಲಗ ಹೊರಡುವ ಅಂಚಿನಿಂದ ಹದಿನೈದಿಂಚಿನವರೆಗೆ ಬಯಲು ಬಿಡಿ. ನಡುವೆ ಅರ್ಧಕ್ಕಿಂತ ಹೆಚ್ಚು ಗುಡ್ಡೆ. ಕೆಲವು ಸಂದಿ ಮೂರಿಂಚಿಗಿಂತ ಕಿರಿದಾಗಿರಲಿ, ಅಲ್ಲಿ ಸಲಗ ನುಗ್ಗುವಂತಿಲ್ಲ, ಪಾಳೆಯದ ಕಾಯಿ ಹೋಗಬಹುದು. ಎರಡು ಸಂದಿ ಐದಾರು ಇಂಚು ಅಗಲ, ಅಲ್ಲಿ ಸಲಗಕ್ಕೂ ದಾರಿ. ಗೋಪುರದ ಮುಂದೆ ಮತ್ತೆ ಬಯಲು. ಗೋಪುರ ಎದುರಂಚಿನಿಂದ ನಾಲ್ಕಿಂಚು ಒಳಗಿರಲಿ. ನಾಲ್ಕಿಂಚು ಉದ್ದದ ಸಲಗ ತನ್ನ ಅಂಚಿಗೆ ಬಾಲ ತಾಗಿಸಿ ನಿಂತರೆ ನಡುವಿನ ದೂರ ಸರಿಯಾಗಿ 40 ಇಂಚು.

ನಿಯಮ

ಅಳೆಯಲು ದರ್ಜಿಯ ಟೇಪು, ಉರುಳಿಸಲು ಲೂಡೊ ದಾಳ ನಾಲ್ಕೈದು, ಏಟಿನ ಗುರುತಿಗೆ ಹುಣಸೆ ಬೀಜ. ಆಟ ಎಂಟು ಸುತ್ತು. ಎಂಟರೊಳಗೆ ಸಲಗ ಗೋಪುರ ಮುಟ್ಟಿದರೆ ಸಲಗದ ಗೆಲುವು, ಇಲ್ಲದಿದ್ದರೆ ಪಾಳೆಯದ್ದು. ಯಾರೆಷ್ಟು ಸತ್ತರು ಎಂಬ ಲೆಕ್ಕ ಗೆಲುವಿಗೆ ಬರುವುದಿಲ್ಲ. ಪಾಳೆಯ ತನ್ನ ಕಾಯಿಗಳನ್ನು ಸಲಗದ ಅಂಚಿನಿಂದ 16 ಇಂಚಿನಾಚೆ ಎಲ್ಲಿ ಬೇಕಾದರೂ ಇಡಬಹುದು. ಪ್ರತಿ ಸುತ್ತಿನಲ್ಲಿ ಮೊದಲು ಪಾಳೆಯ ನಡೆದು ಹೊಡೆಯುತ್ತದೆ, ಆಮೇಲೆ ಸಲಗ ನಡೆದು ಹೊಡೆಯುತ್ತದೆ.

ಕಾಲಾಳು 5 ಇಂಚು ನಡೆದು 6 ಇಂಚು ದೂರ ಹೊಡೆಯುತ್ತಾರೆ, ಒಂದು ದಾಳ. ತೇಲುಬಂಡಿ 12 ಇಂಚು ಓಡುತ್ತದೆ, ಹೊಡೆತ 8 ಇಂಚು, ಒಂದು ದಾಳ. ಓಟದ ನಡುವೆ ನಿಂತು ಹೊಡೆದು ಉಳಿದ ದೂರ ಓಡಿಹೋಗಬಹುದು. ತೋಪು ಅಲುಗುವುದಿಲ್ಲ, 24 ಇಂಚು ಹೊಡೆತ, ಎರಡು ದಾಳ. ಪಾಳೆಯದವರು ದಾಳ ಹಾಕುವ ಮೊದಲೇ ಸಲಗದ ಯಾವ ಅಂಗಕ್ಕೆ ಗುರಿ ಎಂದು ಹೇಳಬೇಕು. 5 ಅಥವಾ 6 ಬಿದ್ದರೆ ಏಟು. ಕಾಲಾಳು ಒಂದಿಂಚಿನೊಳಗೆ ಬಂದಿದ್ದರೆ 4 ಕೂಡ ಏಟೇ. ಅಷ್ಟು ಹತ್ತಿರ ಹೋದವರಿಗೆ ಅದಿಷ್ಟು ಸಲ್ಲಬೇಕು.

ಸಲಗದ ಜಾತಕ ಒಂದು ಹಾಳೆಯ ಮೇಲೆ ಬರೆಯಿರಿ. ಚೈನಿಗೆ 16 ಮನೆ, ನಾಲ್ಕು ಸಾಲಾಗಿ, ಒಂದು ಏಟಿಗೆ ಒಂದು ಮನೆ ಹೋಗುತ್ತದೆ. ನಡಿಗೆ 8 ಇಂಚು, ಒಂದೊಂದು ಸಾಲು ಹೋದಾಗಲೂ ಎರಡಿಂಚು ಕಡಿಮೆ. ನಾಲ್ಕೂ ಹೋದರೆ ನಿಂತಲ್ಲೇ ನಿಂತಿತು. ದೊಡ್ಡ ತೋಪು 16 ಇಂಚು ಹೊಡೆಯುತ್ತದೆ, 3 ಅಥವಾ ಮೇಲೆ ಬಿದ್ದರೆ ಎದುರಿನ ಕಾಯಿ ಸತ್ತಂತೆ, ಕೆಡಿಸಲು ಮೂರು ಏಟು ಬೇಕು. ಪಕ್ಕದ ಬಂದೂಕು ಎಡಕ್ಕೆರಡು, ಬಲಕ್ಕೆರಡು, ತಮ್ಮ ಪಕ್ಕಕ್ಕೂ ನೇರ ಮುಂದಕ್ಕೂ ಮಾತ್ರ ಹೊಡೆಯುತ್ತವೆ. 8 ಇಂಚು, 4 ಅಥವಾ ಮೇಲೆ, ಕೆಡಿಸಲು ಎರಡೆರಡು ಏಟು. ಬಂಡೆಯ ಮರೆಯಿಂದ ಅರ್ಧ ಕಾಣುವ ಕಾಯಿಗೆ ಹೊಡೆಯಲು ದಾಳದಲ್ಲಿ ಒಂದು ಹೆಚ್ಚು ಬೇಕು. ರಾಕೆಟ್ ಎರಡು, ಒಂದೊಂದು ಒಂದೇ ಸಲಕ್ಕೆ: 20 ಇಂಚಿನೊಳಗೆ ಒಂದು ಜಾಗ ತೋರಿಸಿ, ಅದರ ಸುತ್ತ ಮೂರಿಂಚಿನಲ್ಲಿರುವ ಪ್ರತಿಯೊಂದಕ್ಕೂ ದಾಳ, 4 ಅಥವಾ ಮೇಲೆ ಬಿದ್ದರೆ ಹೋಯಿತು. ಸಲಗ ಕಾಯಿಗಳ ಮೇಲೆ ಹತ್ತಿ ಹೋಗಬಹುದು. ಆಗ 1 ಅಥವಾ 2 ಬಿದ್ದರೆ ಕಾಯಿ ಪಕ್ಕಕ್ಕೆ ಹಾರಿ ಬದುಕಿತು, ಇಲ್ಲದಿದ್ದರೆ ಚಟ್ನಿ. ಬಂಡಿ ಅಥವಾ ತೋಪನ್ನು ತುಳಿದರೆ ಸಲಗದ ಚೈನಿನ ಒಂದು ಮನೆಯೂ ಹೋಗುತ್ತದೆ.

ಈ ಅಂಕೆಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಮೂರನೆಯ ಸುತ್ತಿನಿಂದ ಎರಡು ಸುತ್ತಿಗೊಮ್ಮೆ ಒಂದು ಸಾಲು ಚೈನು ಹೋಗುತ್ತಾ ಬಂದರೆ ಸಲಗದ ನಡಿಗೆ 8, 8, 6, 6, 4, 4, 2, 2. ಕೂಡಿಸಿ: 40. ಅಂದರೆ ಎಂಟನೆಯ ಸುತ್ತಿನ ಕೊನೆಯ ಇಂಚಿಗೆ ಗೋಪುರ ಮುಟ್ಟುತ್ತದೆ. ಪಾಳೆಯದವರು ಎರಡನೆಯ ಸುತ್ತಿನಿಂದ ಸುತ್ತಿಗೆ ಸರಾಸರಿ ಎರಡು ಏಟನ್ನು ಚೈನಿಗೆ ಹಾಕಿದರೆ ಆಟ ಕತ್ತಿಯಂಚಿನ ಮೇಲೆ. ಬಂದೂಕು ಕೆಡಿಸಲು ಹೋದರೆ ತಮ್ಮವರು ಉಳಿಯುತ್ತಾರೆ, ಸಲಗ ಮುಂದೆ ಹೋಗುತ್ತದೆ. ಚೈನಿಗೇ ಹೊಡೆಯುತ್ತಿದ್ದರೆ ಸಲಗ ನಿಧಾನವಾಗುತ್ತದೆ, ಹೊಡೆಯಲು ಪಾಳೆಯದಲ್ಲಿ ಯಾರೂ ಉಳಿಯುವುದಿಲ್ಲ. ಪ್ರತಿ ದಾಳಕ್ಕೂ ಈ ಸಂಕಟ ಇರುವುದರಿಂದಲೇ ಇದು ಆಡಲು ಯೋಗ್ಯ.

ಆಡುವಾಗ

ಹೊಸಬರು ಪಾಳೆಯ ಹಿಡಿದರೆ ಸಲಗವನ್ನು ನಾಲ್ಕೂ ಕಡೆಯಿಂದ ಸುತ್ತುತ್ತಾರೆ. ಆಡು-ಹುಲಿಯ ಅಭ್ಯಾಸ. ಇಲ್ಲಿ ಅದು ನಷ್ಟದ ಬಾಬತ್ತು. ಸುತ್ತುವರಿದರೆ ದೊಡ್ಡ ತೋಪೂ ನಾಲ್ಕು ಬಂದೂಕೂ ಕೆಲಸಕ್ಕೆ ಬರುತ್ತವೆ, ಬಯಲಿನಲ್ಲಿ ಸುತ್ತಿಗೆ ಸರಾಸರಿ 2.67 ಕಾಯಿ ಹೋಗುತ್ತದೆ. ಎಲ್ಲರೂ ಎಡಪಕ್ಕಕ್ಕೇ ನಿಂತರೆ ಬಲಗಡೆಯ ಎರಡು ಬಂದೂಕಿಗೆ ಕೆಲಸವಿಲ್ಲ, ಸರಾಸರಿ 1.67ಕ್ಕೆ ಇಳಿಯುತ್ತದೆ. ಹಾಗೆಂದು ಒತ್ತೊತ್ತಾಗಿ ನಿಂತರೆ ರಾಕೆಟ್ ಬರುತ್ತದೆ. ಒಂದೇ ಪಕ್ಕ, ಆದರೆ ಕಾಯಿ ಕಾಯಿಗೆ ಆರಿಂಚು ಬಿಟ್ಟು: ಆಗ ಒಂದು ರಾಕೆಟ್ಟಿಗೆ ಒಂದು ಕಾಯಿ, ಹೆಚ್ಚೆಂದರೆ ಎರಡು.

ಸಲಗ ಹಿಡಿದವರಿಗೆ ಒಂದೇ ಮಾತು. ರಾಕೆಟ್ಟನ್ನು ಮೊದಲ ಮೂರು ಸುತ್ತಿನಲ್ಲಿ ತೋಪುಗಳ ಮೇಲೆ ಮುಗಿಸಿಬಿಡಿ. 24 ಇಂಚು ಹೊಡೆಯುವ ಪಾಳೆಯದ ನಾಲ್ಕು ದಾಳವನ್ನು ಕೊನೆಯವರೆಗೆ ಉಳಿಯಲು ಬಿಟ್ಟ ಸಲಗ ಗೋಪುರ ಮುಟ್ಟುವುದು ಅಪರೂಪ. ಸಂದಿಯೊಳಗೆ ಒಂದು ಸುತ್ತು ನಿಂತು ಹತ್ತಿರ ಬಂದವರನ್ನು ತೆಗೆದು ಮುಂದೆ ಹೋಗುವುದು ಸರಿ. ಎರಡನೆಯ ಸುತ್ತೂ ನಿಂತರೆ ದೂರ ಮುಗಿಯುವುದಿಲ್ಲ.

ಆಟ ಒಂದೂವರೆ ಗಂಟೆ ಹಿಡಿಯುತ್ತದೆ. ನಡುವೆ ಮಂಡಕ್ಕಿ-ಮಿರ್ಚಿ ಬಂದರೆ ತಟ್ಟೆ ಬೇರೆ ಸ್ಟೂಲಿನ ಮೇಲಿರಲಿ. ಎಣ್ಣೆಗೈಯಲ್ಲಿ ಮುಟ್ಟಿದ ಅಕ್ರಿಲಿಕ್ ಬೇಗ ಮಸುಕಾಗುತ್ತದೆ. ಮೇಲೊಂದು ಕೋಟು ವಾರ್ನಿಷ್ ಹೊಡೆದಿದ್ದರೆ ಅಷ್ಟು ಚಿಂತೆಯಿಲ್ಲ.

ಯಾರಿಗೆ ಯಾವ ಕಡೆ: ಹರಾಜು

"ನಿಂದೇ ಬಲವಾದ ಕಡೆ" ಎಂಬ ಜಗಳ ಈ ಆಟದ ಜೊತೆಗೇ ಹುಟ್ಟುತ್ತದೆ. ಅದಕ್ಕೆ ಹರಾಜು ಹಾಕಿ, ಆದರೆ ಇಳಿಮುಖವಾಗಿ. "ಪಾಳೆಯ ಹಿಡಿದು 12ರಲ್ಲಿ ಗೆಲ್ತೀನಿ" ಎಂದು ಒಬ್ಬರು ಕೂಗಲಿ. "ನಾನು 11ರಲ್ಲಿ" ಎಂದು ಇನ್ನೊಬ್ಬರು. "ಆಗಲಪ್ಪ, ನೀನೇ ಆಡು" ಎಂದು ಬಿಟ್ಟುಕೊಟ್ಟವರು ಸಲಗ ಹಿಡಿಯಬೇಕು, ಕೊನೆಗೆ ಕೂಗಿದವರು ಅಷ್ಟೇ ಕಾಯಿಯಲ್ಲಿ ಪಾಳೆಯ ಆಡಬೇಕು. ಯಾವ ಕಾಯಿ ಬಿಡುವುದೆಂದು ಅವರೇ ಆರಿಸಲಿ. ಯಾವ ಕಡೆ ಬಲ ಎಂದು ಪುಸ್ತಕ ಹೇಳಬೇಕಾಗಿಲ್ಲ, ಕೂಗಿದವರ ಬಾಯೇ ಹೇಳಿರುತ್ತದೆ. ಸೋತ ಮೇಲೆ ದೂರುವಂತೆಯೂ ಇಲ್ಲ. ಆಮೇಲೆ ಕಡೆ ಬದಲಿಸಿ ಅದೇ ಸಂಖ್ಯೆಯಲ್ಲಿ ಇನ್ನೊಂದಾಟ.

ಜೊತೆಗೆ ಯಾರೂ ಇಲ್ಲದಿದ್ದರೆ ಪಾಳೆಯ ನಿಮ್ಮದು, ಸಲಗದ ಬುದ್ಧಿ ದಾಳದ್ದು. ಪ್ರತಿ ಸುತ್ತಿನಲ್ಲಿ ಸಲಗದ ಸರದಿಗೆ ಮುನ್ನ ಒಂದು ದಾಳ: 1 ಬಿದ್ದರೆ ಹತ್ತಿರದ ಸಂದಿಗೆ ಸರಿಯುತ್ತದೆ, 2 ಅಥವಾ 3 ಬಿದ್ದರೆ ಹತ್ತಿರದ ಕಾಯಿಯನ್ನು ತುಳಿಯಲು ಹೋಗುತ್ತದೆ, 4ರಿಂದ 6 ಬಿದ್ದರೆ ಗೋಪುರದ ಕಡೆ ನೇರ ದಾರಿ. ಆರನೆಯ ಸುತ್ತಿನಿಂದ ದಾಳ ಬೇಡ, ಗೋಪುರವೇ. ಹೊಡೆತ ಯಾವಾಗಲೂ ಹತ್ತಿರದವರ ಮೇಲೆ, ತೋಪು ಕಂಡರೆ ಮೊದಲು ಅದಕ್ಕೆ.

ಬದಲಿಸಬೇಕೆನಿಸಿದಾಗ

ನಾಲ್ಕಾರು ಆಟದಲ್ಲಿ ಒಂದೇ ಕಡೆ ಗೆಲ್ಲುತ್ತಿದ್ದರೆ ಮೊದಲು ಸುತ್ತಿನ ಸಂಖ್ಯೆ ಬದಲಿಸಿ, ಎಂಟನ್ನು ಏಳೋ ಒಂಬತ್ತೋ ಮಾಡಿ. ಆಮೇಲೆ ಗುಡ್ಡೆಗಳನ್ನು ಸರಿಸಿ. ಬಂದೂಕು, ದಾಳಗಳಿಗೆ ಕೈ ಹಾಕುವುದು ಕೊನೆಗೆ, ಯಾಕೆಂದರೆ ಒಂದನ್ನು ಮುಟ್ಟಿದರೆ ಇನ್ನೆಲ್ಲವೂ ಅಲುಗುತ್ತದೆ.

ಪಾಳೆಯಕ್ಕೆ ಹೊಂಚು ಬೇಕೆಂದರೆ ಕಾಯಿಗಳ ಬದಲು ಮಡಿಸಿದ ಚೀಟಿ ಇಡಿ. ಹನ್ನೆರಡು ಅಸಲಿ, ಆರು ಖಾಲಿ. ಸಲಗ ಎಂಟಿಂಚಿನೊಳಗೆ ಬಂದಾಗ ಅಥವಾ ಆ ಚೀಟಿಯಿಂದ ಗುಂಡು ಹಾರಿದಾಗ ಬಿಡಿಸಿ ತೋರಿಸಬೇಕು. ಖಾಲಿ ಚೀಟಿಯ ಮೇಲೆ ರಾಕೆಟ್ ಹಾಕಿಸುವುದರಲ್ಲಿ ಸಿಗುವ ಸಂತೋಷ ಗೆದ್ದರೂ ಸಿಗದು.

ದೊಡ್ಡ ಸಲಗ ಕಟ್ಟುವ ಆಸೆ ಬಂದು ಚೈನಿನ ಮನೆಗಳನ್ನೂ ಬಂದೂಕಿನ ಏಟುಗಳನ್ನೂ ಇಮ್ಮಡಿ ಮಾಡಿದಿರಿ, ಬಂದೂಕುಗಳ ಸಂಖ್ಯೆ ಮಾತ್ರ ಹಾಗೇ ಇದೆ ಎನ್ನಿ. ಪಾಳೆಯವನ್ನು 24ಕ್ಕೆ ಏರಿಸಬೇಡಿ. 17, 15, 13 ಎಂದು ಇಳಿಯುತ್ತಾ ಕೂಡಿದರೆ 81 ದಾಳ, ಬೇಕಾದದ್ದು 42ರ ಇಮ್ಮಡಿ, 84. ಹದಿನೇಳು ಕಾಯಿಗೇ ಆಟ ತೂಗುತ್ತದೆ. ಬಂದೂಕುಗಳೂ ಇಮ್ಮಡಿಯಾದರೆ ಮಾತ್ರ 24 ಬೇಕಾಗುತ್ತದೆ, ಆಗ ಟೇಬಲ್ಲೂ 6 ಅಡಿಗೆ 4 ಅಡಿ ಇರಲಿ.